ಏಳೂವರೆ ಆಗದ ಸರಾಸರಿ

ಉಗಾರ ಬುದ್ರುಕದ ನಮ್ಮ ಓಣಿಯಿಂದ ಕೃಷಿ ಕಾಲೇಜಿಗೆ ಹೋದ ಮೊದಲ ಹುಡುಗಿ ನಾನು. ಎಂಬತ್ತರ ದಶಕದ ಕೊನೆಯ ಮಾತು. ಊರಿನವರಿಗೆ ಗೊತ್ತಿದ್ದದ್ದು ಪರ್ಸೆಂಟೇಜು. ನಮ್ಮ ಕಾಲೇಜಿನಲ್ಲಿ ಹತ್ತಕ್ಕೆ ಇಷ್ಟು ಅಂತ ಗ್ರೇಡ್ ಪಾಯಿಂಟ್ ಕೊಡುತ್ತಿದ್ದರು. ರಜೆಗೆ ಬಂದು ನಾನು "ಏಳು" ಅಂದರೆ ಕಾಕಾ, "ನೂರಕ್ಕ ಏಳೇನ?" ಎಂದು ನಗುತ್ತಿದ್ದ. ಅಪ್ಪ ನಗುತ್ತಿರಲಿಲ್ಲ. "ಅದರ ಹಿಸಾಬ ಬ್ಯಾರೆ ಐತಿ. ನಮ್ಮ ಹುಡುಗಿಗೆ ಗೊತ್ತೈತಿ," ಅನ್ನುತ್ತಿದ್ದ.

ಎಂ.ಎಸ್ಸಿ. ಸೇರಲು ಒಟ್ಟು ಸರಾಸರಿ ಏಳೂವರೆ ಬೇಕಿತ್ತು. ಕೊನೆಯ ಫಲಿತಾಂಶ ಬಂದ ಕೂಡಲೇ ಎಂಟೂ ಸೆಮಿಸ್ಟರ್‌ಗಳ ಪಾಯಿಂಟ್ ಕೂಡಿಸಿ ಎಂಟರಿಂದ ಭಾಗಿಸಿದೆ. ಸರಿಯಾಗಿ ಏಳೂವರೆ! ಅಪ್ಪ ಅಂದೇ ಸಂಜೆ ಓಣಿಗೆಲ್ಲ ಪೇಢೆ ಹಂಚಿದ.

ಅರ್ಜಿ ಕೊಡಲು ಹೋದಾಗ ಅಪ್ಪನೂ ಬಂದ. ಇಸ್ತ್ರಿ ಮಾಡಿದ ಟೋಪಿ ಹಾಕಿಕೊಂಡಿದ್ದ. ಅರ್ಜಿ ತೆಗೆದುಕೊಳ್ಳುತ್ತಿದ್ದ ಪ್ರಾಧ್ಯಾಪಕರು ನನ್ನ ಅಂಕಪಟ್ಟಿಗಳನ್ನು ಒಂದೊಂದಾಗಿ ನೋಡಿ, "ಇದು ಏಳೂವರೆ ಆಗೂದಿಲ್ಲವ್ವಾ. ಏಳು ಪಾಯಿಂಟ್ ಮೂರು ಆರು," ಎಂದರು.

"ಇಲ್ರಿ ಸರ್, ನಾನು ಎರಡು ಸಲ ಭಾಗಿಸೀನಿ."

"ಎಂಟರಿಂದ ಭಾಗಿಸಿರಬೇಕು. ಮೊದಲಿನ ಆರು ಸೆಮಿಸ್ಟರ್‌ದಾಗ ಇಪ್ಪತ್ತಿಪ್ಪತ್ತು ಕ್ರೆಡಿಟ್ ಅದಾವು, ಕಡೀ ಎರಡರಾಗ ಹತ್ತ್ಹತ್ತು. ಎರಡಕ್ಕೂ ಒಂದs ತೂಕ ಹೆಂಗ ಕೊಡ್ತಿ? ಪಾಯಿಂಟ್‌ನ ಕ್ರೆಡಿಟ್‌ದಿಂದ ಗುಣಿಸಬೇಕು, ಕೂಡಿಸಬೇಕು, ಒಟ್ಟು ಕ್ರೆಡಿಟ್‌ದಿಂದ ಭಾಗಿಸಬೇಕು."

ನನಗೆ ಒಳ್ಳೆಯ ಪಾಯಿಂಟ್ ಬಂದದ್ದು ಆ ಕೊನೆಯ ಎರಡು ಹಗುರ ಸೆಮಿಸ್ಟರ್‌ಗಳಲ್ಲೇ. ಹಿಂದೆ ಸಾಲಿನಲ್ಲಿ ನನ್ನ ತರಗತಿಯವರೇ ನಿಂತಿದ್ದರು. ಒಬ್ಬಳು ಬಾಯಿಗೆ ಸೆರಗು ಹಿಡಿದಳು. ಅಪ್ಪ ಒಂದು ಹೆಜ್ಜೆ ಮುಂದೆ ಬಂದು, "ಸಾಹೇಬ್ರ, ಸ್ವಲ್ಪ ಕಮ್ಮಿ ಬಿದ್ರ ನಡೀತೈತೇನ್ರಿ?" ಎಂದ. ಜೀವನದಲ್ಲಿ ಯಾರ ಮುಂದೂ ಅಪ್ಪ ಆ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಪ್ರಾಧ್ಯಾಪಕರು ಇಲ್ಲವೆಂದು ತಲೆಯಾಡಿಸಿದರು.

ಬಸ್ಸಿನಲ್ಲಿ ಅಪ್ಪ ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ನಾನು ಕಿಟಕಿ ಕಡೆ ಮುಖ ಮಾಡಿ ಕೂತಿದ್ದೆ.

ಮನೆ ಮುಟ್ಟುವಷ್ಟರಲ್ಲಿ ಕಾಕಾ ಕಟ್ಟೆಯ ಮೇಲೆ ನಾಲ್ಕು ಜನರ ಜೊತೆ ಕೂತಿದ್ದ. "ಏನಾತು?" ಎಂದ.

"ನಾನs ತಪ್ಪು ಕೇಳಿಸ್ಕೊಂಡಿದ್ದೆ," ಅಪ್ಪ ಶುರುಮಾಡಿದ. "ಹುಡುಗಿ ಹೇಳಿದ್ದು ಬ್ಯಾರೆ..."

ನನಗೆ ತಡೆಯಲಾಗಲಿಲ್ಲ. "ಇಲ್ಲ ಕಾಕಾ. ಹಿಸಾಬ ನಾನs ತಪ್ಪು ಮಾಡೀನಿ. ಸೀಟ ಸಿಗೂದಿಲ್ಲ," ಎಂದೆ. ಯಾರೂ ನಗಲಿಲ್ಲ. ಕಾಕಾ ಸುಮ್ಮನೆ ಎದ್ದು ನನಗೆ ದಾರಿ ಬಿಟ್ಟ. ನಕ್ಕಿದ್ದರೇ ಚೆನ್ನಾಗಿತ್ತು ಅನಿಸಿತು.

ಮರುವರ್ಷ ರಾಯಬಾಗದಲ್ಲಿ ಕೆಲಸ ಸಿಕ್ಕಿತು. ಮನೆಗೆ ಬಂದ ನೆಂಟರ ಮುಂದೆ ಅಪ್ಪ, "ಏಳು ಪಾಯಿಂಟ್ ಮೂರು ಆರು. ಕ್ರೆಡಿಟ್ ಹಿಡದು," ಎಂದು ದನಿ ಎತ್ತಿ ಹೇಳುತ್ತಿದ್ದ. ಆಗೆಲ್ಲ ನಾನು ಎದ್ದು ಹಿತ್ತಲಿಗೆ ಹೋಗುತ್ತಿದ್ದೆ.