ಬೇರೆಯವರ ಕೈಯಲ್ಲಿ ಅಡುಗೆ ಮಾಡುವ ಬ್ರೆಡ್ಡಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಾಲಿನವನ ಸೈಕಲ್ಲಿನ ಹಿಂದೆಯೇ ಒಬ್ಬ ಹೆಂಗಸು ಬ್ರೆಡ್ಡಿನ ಕೈಚೀಲ ಹಿಡಿದು ಬೀದಿಯ ತಿರುವು ದಾಟಿ, ಹಿತ್ತಲ ಬಾಗಿಲಿನಿಂದ ಒಂದು ಮನೆಯೊಳಗೆ ಸೇರಿಕೊಳ್ಳುತ್ತಾರೆ. ಈ ಹೊತ್ತಿನಲ್ಲಿ ಬ್ರೆಡ್ ಹಿಡಿದು ಹೋಗುವವರನ್ನು ಯಾರೂ ತಿರುಗಿ ನೋಡುವುದಿಲ್ಲ. ಅವರಿಗೆ ಬೇಕಾದದ್ದೂ ಅದೇ.

ಒಳಗೆ ಬಂದವರು ಮೊದಲು ಮುಟ್ಟುವುದು ತರಕಾರಿಯನ್ನಲ್ಲ, ಓವನ್ನನ್ನು. ಅದರ ತಟ್ಟೆಯ ತುಂಬ ಬ್ರೆಡ್ ಸ್ಲೈಸುಗಳನ್ನು ನೆಲಕ್ಕೆ ಕಲ್ಲು ಹಾಸಿದ ಹಾಗೆ ಸಂದಿಲ್ಲದಂತೆ ಜೋಡಿಸಿ, ಒಳಗೆ ತಳ್ಳಿ, ಸ್ಟೂಲು ಎಳೆದುಕೊಂಡು ಕೂರುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ ತಟ್ಟೆ ಹೊರಬರುತ್ತದೆ. ಎಡಗಡೆ ಹಿಂದಿನ ಮೂಲೆ ಕರಿಹಿಡಿದಿದೆ, ನಡುವೆ ಹದವಾದ ಕೆಂಪು, ಬಾಗಿಲಿನ ಕಡೆಯ ಸಾಲು ಏನೂ ನಡೆದೇ ಇಲ್ಲವೆಂಬಂತೆ ಬೆಳ್ಳಗೆ ಮಲಗಿದೆ.

"ಆ ಮೂಲೆಗೆ ಕೋಪ ಜಾಸ್ತಿ," ಎನ್ನುತ್ತಾರೆ. "ಬಾಗಿಲ ಹತ್ರ ಇರೋದು ಸೋಮಾರಿ. ಹೊಸ ಓವನ್ ಆದ್ರೇನು, ಎಲ್ಲಾ ಮನೇಲೂ ಒಬ್ಬ ಸಿಡುಕ, ಒಬ್ಬ ಸೋಮಾರಿ ಇದ್ದೇ ಇರ್ತಾರೆ."

ಇವರನ್ನು ಬಲ್ಲವರು ಬ್ರೆಡ್ಡಕ್ಕ ಎನ್ನುತ್ತಾರೆ. ಬಲ್ಲೆವೆಂದು ಒಪ್ಪಿಕೊಳ್ಳುವವರು ಮಾತ್ರ ಕಡಿಮೆ. ಮನೆಗೆ ನೆಂಟರು ಬರುವ ದಿನ ಇವರು ಗುಟ್ಟಾಗಿ ಬಂದು, ಒಂದೇ ಒಂದು ಪದಾರ್ಥ ಮಾಡಿಟ್ಟು, ನೆಂಟರು ಕರೆಗಂಟೆ ಒತ್ತುವ ಮೊದಲೇ ಮಾಯವಾಗುತ್ತಾರೆ. ಆ ಪದಾರ್ಥ ಬೇಕ್ಡ್ ವೆಜಿಟೆಬಲ್: ಹೂಕೋಸು, ಕ್ಯಾರೆಟ್, ಬೀನ್ಸ್, ಆಲೂಗಡ್ಡೆ, ಬಟಾಣಿ, ಅವನ್ನು ಮುಳುಗಿಸುವ ಬೆಣ್ಣೆ, ಮೈದಾ, ಹಾಲಿನ ಬಿಳಿ ಸಾಸು, ಮೇಲೆ ಚೀಸು ಮತ್ತು ಬ್ರೆಡ್ ಪುಡಿಯ ಗರಿಗರಿ ಹೊದಿಕೆ. ಓವನ್ನಿನ ಸ್ವಭಾವ ತಿಳಿಸಿದ ಬ್ರೆಡ್ಡೇ ಪುಡಿಯಾಗಿ ಮೇಲೇರುತ್ತದೆ. ಕರಿಹಿಡಿದದ್ದು ಬ್ರೆಡ್ಡಕ್ಕನ ಚಹಾದ ಪಾಲು.

ಈ ಮನೆಯ ಸೊಸೆ ಎರಡು ದಿನದಿಂದ ಸರಿಯಾಗಿ ನಿದ್ದೆ ಮಾಡಿಲ್ಲ. ಮಧ್ಯಾಹ್ನದ ಊಟಕ್ಕೆ ಅತ್ತೆ ಬರುತ್ತಿದ್ದಾರೆ, ಜೊತೆಗೆ ಅತ್ತೆಯ ತಮ್ಮ ಮತ್ತು ಅವರ ಹೆಂಡತಿ. ಕಳೆದ ಸಲ ಸೊಸೆ ಇದೇ ಪದಾರ್ಥಕ್ಕೆ ಕೈಹಾಕಿದಾಗ ಹಾಲು ಒಡೆದು ಸಾಸು ನೀರುನೀರಾಗಿತ್ತು. ಅತ್ತೆ ಬೈದಿರಲಿಲ್ಲ, ಬೈದಿದ್ದರೆ ಎಷ್ಟೋ ವಾಸಿಯಿತ್ತು. "ಪರವಾಗಿಲ್ಲ ಬಿಡಮ್ಮ, ಹೊಟ್ಟೆಗೆ ಕಣ್ಣಿಲ್ವಲ್ಲ," ಎಂದು ನಕ್ಕಿದ್ದರು. ಆ ಮಾತು ಸೊಸೆಯ ಎದೆಯಲ್ಲಿ ಇನ್ನೂ ಮುರಿದ ಮುಳ್ಳಿನ ಹಾಗೆ ಕೂತಿದೆ. ಇವತ್ತೂ ಕೆಟ್ಟರೆ ಈ ಅಡುಗೆಮನೆಯಲ್ಲಿ ತಾನು ಎಂದೆಂದಿಗೂ ನೆಂಟಳೇ ಎಂದು ಅವಳ ಲೆಕ್ಕ. ಗಂಡನಿಗೆ ಎಲ್ಲ ಗೊತ್ತು. ಗೊತ್ತಿಲ್ಲದ ಹಾಗೆ ಇರಬೇಕೆಂದು ಅಪ್ಪಣೆಯಾಗಿರುವುದರಿಂದ ಅಡುಗೆಮನೆಯ ಮುಂದೆ ಹಾದುಹೋಗುವಾಗಲೆಲ್ಲ ಅವನು ಗೋಡೆಯ ಕ್ಯಾಲೆಂಡರನ್ನು ಬಹಳ ಶ್ರದ್ಧೆಯಿಂದ ನೋಡುತ್ತಾನೆ.

ಬ್ರೆಡ್ಡಕ್ಕ ಸೊಸೆಯ ಕೈಗೆ ಚಾಕು ಕೊಟ್ಟು ಒಂದೇ ಒಂದು ಕ್ಯಾರೆಟ್ ಹೆಚ್ಚಲು ಹೇಳುತ್ತಾರೆ. ಸೊಸೆಯ ಹೋಳುಗಳು ಒಂದು ಕಡೆ ದಪ್ಪ, ಒಂದು ಕಡೆ ತೆಳು, ತುದಿ ಸ್ವಲ್ಪ ಓರೆ. ಅವುಗಳನ್ನು ಅಂಗೈಯಲ್ಲಿ ಹರಡಿಕೊಂಡು ನೋಡಿ, ಉಳಿದ ತರಕಾರಿಯನ್ನೆಲ್ಲ ಬ್ರೆಡ್ಡಕ್ಕ ಅದೇ ಥರ ಹೆಚ್ಚುತ್ತಾರೆ. ಅದೇ ದಪ್ಪ, ಅದೇ ಓರೆ, ಕೊನೆಗೆ ಬರುವ ಅದೇ ಅವಸರ. ಸೊಸೆಯ ಹೋಳನ್ನು ರಾಶಿಯೊಳಗೆ ಬೆರೆಸಿದ ಮೇಲೆ ಸ್ವತಃ ಸೊಸೆಗೇ ತನ್ನದು ಯಾವುದೆಂದು ಗುರುತು ಹತ್ತುವುದಿಲ್ಲ. ಚೆನ್ನಾಗಿ ಹೆಚ್ಚುವವರು ಊರಿಗೆ ನೂರು ಮಂದಿ ಸಿಗುತ್ತಾರೆ. ಇನ್ನೊಬ್ಬರ ಹಾಗೆ ಓರೆಯಾಗಿ ಹೆಚ್ಚುವವರನ್ನು ಕಂಡರೆ ಮಾತ್ರ ಬೆರಳು ತಾನಾಗಿ ಮೂಗಿನ ಮೇಲೆ ಹೋಗುತ್ತದೆ.

ಈ ವಿದ್ಯೆ ಬಂದದ್ದು ಒಂದು ಪೆಟ್ಟಿನಿಂದ. ಬ್ರೆಡ್ಡಕ್ಕ ಮೊದಲು ಒಂದು ಬೇಕರಿಯ ಹಿಂಬದಿಯಲ್ಲಿ ತಟ್ಟೆ ತಿಕ್ಕುತ್ತಿದ್ದರು. ದಿನವೂ ಒಂದೇ ಮೂಲೆಯ ಸೀದ ಕರಿ ಕೆರೆದೂ ಕೆರೆದೂ ಓವನ್ನಿನ ಗುಣ ಕೈಗೆ ಹತ್ತಿತು. ಭಟ್ಟಿಯವರು ತಟ್ಟೆ ಜೋಡಿಸುವ ಕೆಲಸವನ್ನೂ ಅವರಿಗೇ ಬಿಟ್ಟರು. ಮೊಣಕೈವರೆಗೆ ಗೀಟುಗೀಟಾಗಿ ಇರುವ ಸುಟ್ಟ ಗುರುತು ಆ ಕಾಲದ್ದು. ಬೇಕರಿ ಮುಚ್ಚಿದ ಮೇಲೆ ಮನೆಮನೆಗೆ ಹೊರಟರು. ಮೊದಲ ಮನೆಯಲ್ಲಿ ಅಂಗಡಿಯ ಗಾಜಿನಲ್ಲಿಡುವಷ್ಟು ಅಚ್ಚುಕಟ್ಟಾಗಿ ಮಾಡಿಟ್ಟು ಬಂದರು. ತಿಂದ ನೆಂಟರೊಬ್ಬರು ತಲೆಯಾಡಿಸಿ, ಇದು ನಿನ್ನ ಕೈಯಿಂದ ಆದದ್ದಲ್ಲ ಎಂದುಬಿಟ್ಟರಂತೆ. ಆ ಮನೆಯಾಕೆ ಊಟದ ಮಧ್ಯೆ ಎದ್ದುಹೋಗಿ ಅತ್ತರಂತೆ.

"ನಾನು ಚೆನ್ನಾಗಿ ಮಾಡಿದೆ, ಅವರ ಮಾನ ಹೋಯ್ತು," ಎನ್ನುತ್ತಾರೆ ಬ್ರೆಡ್ಡಕ್ಕ. "ಅವತ್ತಿಂದ ನನ್ನ ಕೈ ನನ್ನ ಮನೇಲೇ ಬಿಟ್ಟು ಬರ್ತೀನಿ."

ಅವರ ಗಂಡ ದರ್ಜಿ. ಹೆಂಡತಿಯ ಕಸುಬನ್ನು ಅವರಷ್ಟು ಚೊಕ್ಕವಾಗಿ ಇನ್ಯಾರೂ ಹೇಳಲಾರರು: "ನಾನು ಬೇರೆಯವರ ಅಳತೆಗೆ ಹೊಲೀತೀನಿ, ಇವಳು ಬೇರೆಯವರ ಅಳತೆಗೆ ಬೇಯಿಸ್ತಾಳೆ. ನಮ್ಮ ಅಳತೆ ಏನು ಅಂತ ಇಬ್ರಿಗೂ ಮರೆತುಹೋಗಿದೆ."

ಸಾಸು ತಿರುವುವ ಕೆಲಸವನ್ನು ಬ್ರೆಡ್ಡಕ್ಕ ಎಂದೂ ತಾವು ಮಾಡುವುದಿಲ್ಲ. ಮನೆಯವರೇ ತಿರುವಬೇಕು, ಆಗ ಯಾರಾದರೂ ಕೇಳಿದರೆ ಸುಳ್ಳು ಹೇಳುವ ಪ್ರಸಂಗ ಬರುವುದಿಲ್ಲ. ಸೊಸೆ ಬೆಣ್ಣೆಯಲ್ಲಿ ಮೈದಾ ಹುರಿದು, ಹಾಲನ್ನು ಸ್ವಲ್ಪಸ್ವಲ್ಪವೇ ಸುರಿಯುತ್ತ ತಿರುವುತ್ತಾಳೆ. ಬ್ರೆಡ್ಡಕ್ಕ ಪಕ್ಕದಲ್ಲಿ ನಿಂತು ನೋಡುವುದು ಬಾಣಲೆಯನ್ನಲ್ಲ, ಅವಳ ಮೊಣಕೈಯನ್ನು. ಸಾಸು ಈ ಸಲ ಒಡೆಯುವುದಿಲ್ಲ, ಆದರೆ ಅಲ್ಲಲ್ಲಿ ಸಣ್ಣ ಗಂಟು ಕಟ್ಟುತ್ತದೆ. ಸೋಸಿಬಿಡೋಣ ಎಂದು ಸೊಸೆ ಅಂಗಲಾಚುತ್ತಾಳೆ. ಬ್ರೆಡ್ಡಕ್ಕ ಜಾಲರಿಯನ್ನು ಕೈಗೆಟುಕದ ಗೂಡಿನಲ್ಲಿಟ್ಟು, "ಇರಲಿ ಬಿಡಿ ಅಮ್ಮ. ಅದೊಂದೇ ಪೂರ್ತಿ ನಿಮ್ಮದು," ಎನ್ನುತ್ತಾರೆ.

ಕೋಪದ ಮೂಲೆಗೆ ಆಲೂಗಡ್ಡೆ, ಕ್ಯಾರೆಟ್. ಸೋಮಾರಿಯ ಕಡೆಗೆ ಬಟಾಣಿ. ಪಾತ್ರೆ ಒಳಗೆ ಹೋಗಿ, ಮೇಲಿನ ಹೊದಿಕೆ ಬಣ್ಣ ತಿರುಗುವ ಹೊತ್ತಿಗೆ ಸರಿಯಾಗಿ ಕರೆಗಂಟೆಯ ಸದ್ದಾಗುತ್ತದೆ. ನೆಂಟರು ಮುಂಚಿನ ಬಸ್ಸಿಗೇ ಬಂದಿಳಿದಿದ್ದಾರೆ. ಈಗ ಓವನ್ ಬಿಟ್ಟು ಹೋದರೆ ಮೂಲೆ ಸೀಯುತ್ತದೆ, ನಿಂತರೆ ಗುಟ್ಟು ರಟ್ಟಾಗುತ್ತದೆ. ಬ್ರೆಡ್ಡಕ್ಕ ನಿಲ್ಲುತ್ತಾರೆ.

ಅತ್ತೆ ನೀರು ಕುಡಿಯುವ ನೆಪದಲ್ಲಿ ಸೀದಾ ಅಡುಗೆಮನೆಗೇ ಬರುತ್ತಾರೆ. ಇವರು ಯಾರು ಎಂದು ಸೊಸೆಯನ್ನು ಕೇಳುತ್ತಾರೆ. ಓವನ್ ಹೇಗಿದೆ ಅಂತ ನೋಡೋಕೆ ಬಂದೆ ಎಂದು ಬ್ರೆಡ್ಡಕ್ಕನೇ ಹೇಳುತ್ತಾರೆ, ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಅತ್ತೆ ಅವರನ್ನೊಮ್ಮೆ, ಅವರ ತೋಳನ್ನೊಮ್ಮೆ ನೋಡಿ, ಸೊಸೆಯತ್ತ ತಿರುಗುತ್ತಾರೆ.

"ಸಾಸು ಯಾರು ತಿರುವಿದ್ದು?"

"ನಾನೇ ಅತ್ತೆ. ತೋಳು ಇನ್ನೂ ನೋಯ್ತಿದೆ."

ಊಟಕ್ಕೆ ಕೂತಾಗ ಅಡುಗೆಮನೆಯ ಬಾಗಿಲ ಹಿಂದೆ ಬ್ರೆಡ್ಡಕ್ಕ ಕಿವಿಗೊಟ್ಟು ನಿಂತಿದ್ದಾರೆ. ಚಮಚ ಗರಿಗರಿ ಹೊದಿಕೆಯನ್ನು ಒಡೆಯುವ ಸದ್ದು ಕೇಳುತ್ತದೆ. ಆಮೇಲೆ ಅತ್ತೆಯ ದನಿ: "ಗಂಟು ಕಟ್ಟಿದೆಯಲ್ಲಮ್ಮ." ಮತ್ತೊಮ್ಮೆ ಚಮಚ ತಟ್ಟೆಗೆ ತಾಗುವ ಸದ್ದು. "ಕಟ್ಟಲಿ ಬಿಡು. ನಂಗೂ ಮೊದಮೊದಲು ಹಿಂಗೇ ಆಗ್ತಿತ್ತು. ಇನ್ನೊಂಚೂರು ಹಾಕು, ಆ ಅಂಚಿಂದ."

ಅತ್ತೆಯ ತಮ್ಮನ ಹೆಂಡತಿ ಮಾಡುವ ಬಗೆ ಕೇಳುತ್ತಾರೆ. ಸೊಸೆ ಹೇಳತೊಡಗುತ್ತಾಳೆ, ದನಿ ಮೊದಲು ತಗ್ಗಿ, ಆಮೇಲೆ ಬಿಚ್ಚಿಕೊಳ್ಳುತ್ತದೆ. ಹಾಲನ್ನು ಸ್ವಲ್ಪಸ್ವಲ್ಪವೇ ಯಾಕೆ ಸುರಿಯಬೇಕು ಎಂಬಲ್ಲಿಗೆ ಬರುವಾಗ ಅವಳು ಯಾರ ಮುಖವನ್ನೂ ನೋಡದೆ ಗಾಳಿಯಲ್ಲೇ ಸೌಟು ತಿರುವುತ್ತಿದ್ದಾಳೆ. ಗಂಡ ಮೊದಲ ಬಾರಿಗೆ ಗೋಡೆಯಿಂದ ಕಣ್ಣು ತೆಗೆದು ಹೆಂಡತಿಯನ್ನು ನೋಡುತ್ತಾನೆ.

ಬ್ರೆಡ್ಡಕ್ಕ ಚೀಲ ಎತ್ತಿಕೊಂಡು ಹಿತ್ತಲ ಕಡೆ ಹೆಜ್ಜೆ ಹಾಕುವಷ್ಟರಲ್ಲಿ ಅತ್ತೆ ಎದ್ದುಬಂದು ಅಡ್ಡ ನಿಲ್ಲುತ್ತಾರೆ. ಓವನ್ ನೋಡಲು ಬಂದವರು ಅದರಲ್ಲಿ ಬೆಂದದ್ದನ್ನು ತಿನ್ನದೆ ಹೋಗುವುದುಂಟೇ ಎಂದು ಕೈಹಿಡಿದು ಕರೆತಂದು, ತಮ್ಮ ಪಕ್ಕದ ಕುರ್ಚಿಯಲ್ಲೇ ಕೂರಿಸುತ್ತಾರೆ. ಅವರಿಗೆ ಗೊತ್ತಾಗಿದೆಯೋ ಇಲ್ಲವೋ, ಮುಖ ನೋಡಿ ಹೇಳುವುದು ಕಷ್ಟ. ಸೊಸೆ ಬಡಿಸುತ್ತಾಳೆ. ಇಷ್ಟೊಂದು ಮನೆಗಳಲ್ಲಿ ಇಷ್ಟೊಂದು ಸಲ ಮಾಡಿಟ್ಟ ಈ ಪದಾರ್ಥವನ್ನು ನೆಂಟರ ಸಾಲಿನಲ್ಲಿ ಕೂತು ಬಿಸಿಬಿಸಿಯಾಗಿ ತಿನ್ನುವುದು ಬ್ರೆಡ್ಡಕ್ಕನಿಗೆ ಇದೇ ಮೊದಲು.

"ಹೇಗಿದೆ ಹೇಳಿ," ಎನ್ನುತ್ತಾರೆ ಅತ್ತೆ.

ಬ್ರೆಡ್ಡಕ್ಕ ಅವಸರವಿಲ್ಲದೆ ಅಗಿಯುತ್ತಾರೆ. ಸೊಸೆ ಬಡಿಸುವ ಚಮಚ ಹಿಡಿದು ನಿಂತಲ್ಲೇ ನಿಂತಿದ್ದಾಳೆ.

"ನಾನು ಮಾಡಿದ್ರೆ ಈ ರುಚಿ ಬರಲ್ಲ ಬಿಡಿ," ಎನ್ನುತ್ತಾರೆ ಬ್ರೆಡ್ಡಕ್ಕ, ತಟ್ಟೆಯಿಂದ ಕಣ್ಣೆತ್ತದೆ. "ಇದು ಇವರದೇ ಕೈ."