ಜಗಲಿಯ ಮೇಲಿದ್ದ ಹಸಿರು ಕಲ್ಲು

ಒಗೆದ ಚಾದರ ಝಾಡಿಸಿ ಒಣಹಾಕುತ್ತಿದ್ದೆ, ಆಗ ಫೋನು ಬಂತು. ಈ ದ್ವೀಪದಲ್ಲಿ ಒಗೆಯುವುದಕ್ಕಿಂತ ಝಾಡಿಸುವ ಕೆಲಸವೇ ಹೆಚ್ಚು. ಗಾಳಿ ಎದ್ದರೆ ಇದ್ದಿಲ ಪುಡಿಯಂಥ ಕರಿ ಮರಳು ಹಲ್ಲಿನ ಸಂದಿಗೂ ಬರುತ್ತದೆ. ಕಣ್ಣು ಹಾಯುವವರೆಗೆ ನೆಲವೆಲ್ಲ ಆರಿದ ಒಲೆಯ ಹಾಗಿದೆ.

"ಶಾಂತಾ, ಆ ಹಸರ ಕಲ್ಲಿಗೆ ಏನರ ಹಚ್ಚೀಯೇನ?" ನಮ್ಮನೆಯವರು ಲ್ಯಾಬಿನಿಂದ ಕೇಳಿದರು.

"ಭಂಡಾರ ಹಚ್ಚೇನ್ರಿ. ಎಣ್ಣೀನೂ ಹಚ್ಚೇನಿ. ಯಾಕ?"

"ಎಷ್ಟ ಸಲ?"

"ಮಂಗಳವಾರಕ್ಕೊಮ್ಮೆ. ದೇವರಿಗೆ ಯಾರರ ಲೆಕ್ಕಾ ಇಡ್ತಾರೇನ್ರಿ?"

ಆ ಕಡೆ ಫೋನು ಇಟ್ಟ ಸದ್ದು. ನನಗೆ ಸಿಟ್ಟು ಬಂದದ್ದು ಆಗ ಅಲ್ಲ. ಒಳಗೆ ಹೋಗಿ ನೋಡಿದರೆ ದೇವರ ಜಗಲಿಯ ಮೇಲೆ ಕಲ್ಲೇ ಇರಲಿಲ್ಲ. ಕೇಳದೆ ಎತ್ತಿಕೊಂಡು ಹೋಗಿದ್ದರು!

ನಾವು ಚಿಕ್ಕೋಡಿ ಕಡೆಯ ಸದಲಗಾದವರು. ಆಫ್ರಿಕಾದ ಮಗ್ಗುಲಲ್ಲಿರುವ, ಸ್ಪೇನಿಗೆ ಸೇರಿದ ಈ ಜ್ವಾಲಾಮುಖಿಯ ದ್ವೀಪಕ್ಕೆ ಬಂದದ್ದು ಇವರಿಗೆ ಕಲ್ಲು ಪರೀಕ್ಷಿಸುವ ಕೆಲಸ ಸಿಕ್ಕಿತೆಂದು. ಅದೂ ಕರಾರಿನ ಮೇಲೆ. ಕಾಗವಾಡದ ನನ್ನ ತವರಲ್ಲಿ ದ್ರಾಕ್ಷಿ ಚಪ್ಪರದ ನೆರಳಲ್ಲಿ ಕೂತು ಉಣ್ಣುತ್ತಿದ್ದೆವು. ಇಲ್ಲಿ ಒಂದೊಂದು ಬಳ್ಳಿಗೂ ಒಂದೊಂದು ಕುಣಿ. ಸುತ್ತ 'ಪಿಕೋನ್' ಎಂಬ ಕರಿ ಹರಳು ಹಾಸಿ, ಇಬ್ಬನಿಯ ತೇವದಲ್ಲೇ ಬೆಳೆಸುತ್ತಾರೆ. ಬಾಡಿಗೆ ಮನೆಯಲ್ಲಿ ದೇವರಿಗೆ ಜಾಗವೇ ಇಲ್ಲ. ಅಡುಗೆಮನೆಯ ಒಂದೇ ಹಲಗೆಯನ್ನು ಜಗಲಿ ಮಾಡಿ ಕೊಕಟನೂರ ಯಲ್ಲಮ್ಮನ ಫೋಟೋ ಇಟ್ಟೆ. ಅಷ್ಟಾದರೂ ಸಿಕ್ಕಿತಲ್ಲ, ಅವಳ ದಯೆ.

ಆ ಹಲಗೆಯ ಮೇಲೆ ಈ ಕಲ್ಲನ್ನು ತಂದಿಟ್ಟವರು ಇವರೇ. ಮೇಲೆ ಕರಿ ಸಿಪ್ಪೆ, ಒಳಗೆ ಹೆಸರುಬೇಳೆ ಬಣ್ಣದ ಹರಳು. ಇಟ್ಟವರು ಒಂದು ಮಾತು ಹೇಳದೆ ಬೇರೆ ದ್ವೀಪಕ್ಕೆ ತಿಂಗಳುಗಟ್ಟಲೆ ಹೋದರು, ತಿರುಗಿ ಬಂದದ್ದು ನಿನ್ನೆ. ಜಗಲಿಗೆ ಬಂದದ್ದನ್ನು ನಮ್ಮಲ್ಲಿ ಯಾರು, ಏನು ಎಂದು ವಿಚಾರಿಸುತ್ತಾರೆಯೆ? ತೊಳೆದು ಭಂಡಾರದ ಅರಿಷಿಣ ಹಚ್ಚಿದೆ. ಮೇಲಿನ ಹಳದಿ ತೊಳೆದಾಗ ಹೋಗುತ್ತಿತ್ತು, ಸಂದಿಯೊಳಗಿನದು ಇವತ್ತು ಇವರ ಭೂತಗನ್ನಡಿಗೆ ಸಿಕ್ಕಿತು.

ಸಂಜೆ ಇವರು ಕಲ್ಲು ಹಿಡಿದು, ತಮ್ಮ ಮೇಲಧಿಕಾರಿ ಮೇಡಮ್ಮನ್ನು ಕರೆದುಕೊಂಡು ಬಂದರು. ಬಂದವಳೇ ನನ್ನ ಭಂಡಾರದ ಬಟ್ಟಲು, ಎಣ್ಣೆಯ ಬಾಟಲಿ ತೆಗೆದು ಮೂಸಿದಳು. ಕಲ್ಲಿಗೆ ಏನೇನು ಇಳಿದಿದೆ ಎಂದು ನೋಡಬೇಕಂತೆ. ಅರಿಷಿಣದಲ್ಲಿ ಸೀಸ ಬೆರೆತಿರಬಹುದಂತೆ, ಕಲ್ಲಿನೊಳಗಿರುವ ಸೀಸವನ್ನೇ ಅವರು ಅಳೆಯುವುದಂತೆ.

"ಯಲ್ಲಮ್ಮನ ಭಂಡಾರಕ್ಕ ಸೀಸ ಅಂತಾಳೇನ್ರಿ? ಚಪ್ಪಲಿ ಮೆಟ್ಟಿ ಜಗಲಿ ಮುಂದ ನಿಂತು? ಹೇಳ್ರಿ ಆಕಿಗೆ!"

ಇವರು ಅವಳ ಭಾಷೆಯಲ್ಲಿ ಏನೋ ಹೇಳಿದರು. ಅವಳು ನಕ್ಕು ತಲೆಯಾಡಿಸಿದಳು.

"ಏನ ಹೇಳಿದ್ರಿ?"

"ಚಹಾ ಕುಡೀತೀರೇನಂತ ನೀ ಕೇಳ್ದಿ ಅಂದೆ. ಹ್ಞೂಂ ಅಂದ್ಲು."

ಆ ಸಿಟ್ಟಿನಲ್ಲೇ ಚಹಾ ಇಟ್ಟೆ. ಒಲೆಯ ಹತ್ತಿರ ಬಂದು ಇವರು ಮೆಲ್ಲಗೆ ತಿಳಿಸಿದರು. "ಈ ದ್ವೀಪದ ಕರಿಕಲ್ಲೆಲ್ಲಾ ಕರಗಿ ಬಂದದ್ದು. ಇದು ಕರಗಿಲ್ಲ ನೋಡು. ಬೆಂಕಿ ಏರೂ ಮುಂದ ಬುಡದಿಂದ ಹರಕೊಂಡು ತಂದ ತುಂಡು. ಅಷ್ಟು ಆಳಕ್ಕ ಬೋರ್ ಇಳಿಯೂದಿಲ್ಲ. ದ್ವೀಪದ ಕೆಳಗಿನ ಗಟ್ಟಿ ಪದರ ಎಷ್ಟ ಕಾದೈತಿ, ಅದರ ಕೆಳಗಿಂದ ಏನೇನು ಒಸರಿ ಅದರಾಗ ಸೇರೈತಿ, ಈ ಹರಳಽ ಹೇಳಬೇಕು. ಇದನ್ನ ತಂದ ಮಗ್ಗಲದಾಗ ನಮಗ ಸಿಕ್ಕದ್ದು ಇದೊಂದಽ."

"ಹಂಗಾರ ಈಗ?"

"ಹೊರಗಿನ ಸಿಪ್ಪಿ ಹೆಂಗೂ ಬಿಸಾಡೂದ, ಕರಗಿದ ಕಲ್ಲು ಅದಕ್ಕ ಹತ್ತಿರತೈತಿ. ಎಣ್ಣಿ ಒಳಗ ಇಳದಿರಲಿಕ್ಕಿಲ್ಲ. ಸುತ್ತಲೂ ಕೊಯ್ದರ ನಡುವಿನ ತಿರುಳು ಉಳೀತೈತಿ." ತಲೆ ತಗ್ಗಿಸಿದರು. "ಗರಗಸದ ಮುಂದ ನಿಂತೆ. ನೀ ಪೂಜಿ ಮಾಡಿದ್ದು. ಕೈ ಬರಲಿಲ್ಲ. ನೀ ಬ್ಯಾಡ ಅಂದ್ರ ಕೊಯ್ಯಾಂಗಿಲ್ಲ. ಕರಾರು ಮುಗಿಸ್ತಾರ, ಊರಿಗೆ ಹೋಗೂಣು."

ಇದು ಯಾವ ನ್ಯಾಯ, ನೀವೇ ಹೇಳಿ. ಬಂದಾಗಿನಿಂದ ನಾನು ಊರು ಊರು ಎಂದು ಹಂಬಲಿಸಿದ್ದು ಇವರಿಗೆ ಗೊತ್ತು. ಈಗ ಇವರ ಅನ್ನವನ್ನೂ ನನ್ನ ದೇವರನ್ನೂ ಒಂದೇ ತಟ್ಟೆಯಲ್ಲಿಟ್ಟು ನನ್ನ ಕೈಗೆ ಕೊಟ್ಟರು. ಚಿಕ್ಕೋಡಿ ಕಡೆಯೂ ಕರಿಕಲ್ಲೇ, ಅದೂ ಒಂದು ಕಾಲಕ್ಕೆ ಕರಗಿ ಹರಿದದ್ದೇ ಅಂತೆ. ಅಲ್ಲಿ ಬಾವಿ ತೋಡುವವರು ಕಾಯಿ ಒಡೆಯದೆ ಗುದ್ದಲಿ ಎತ್ತುವುದಿಲ್ಲ. ಇಲ್ಲಿ ಭೂತಾಯಿಯ ಹೊಟ್ಟೆಯಿಂದ ಬಂದದ್ದನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ನಂಬರು ಹಚ್ಚುತ್ತಾರೆ.

"ಆಕೀಗೆ ಚಪ್ಪಲಿ ಬಿಡಾಕ ಹೇಳ್ರಿ," ಎಂದೆ. "ಈ ಸಲ ಚಹಾದ ಮಾತ ಆಡಬ್ಯಾಡ್ರಿ."

ಮೇಡಮ್ಮು ಚಪ್ಪಲಿ ಬಿಟ್ಟಳು. ಇವರು ಕೈ ಮುಗಿದದ್ದು ನೋಡಿ ತಾನೂ ಮುಗಿದಳು. ಕಲ್ಲನ್ನು ಜಗಲಿಯ ಮೇಲಿಟ್ಟು ಆರತಿ ಮಾಡಿ, ತಾಯಿ, ಇದರಿಂದ ಎದ್ದು ಬಾ, ನಿನ್ನ ಫೋಟೋದಲ್ಲಿ ಕೂಡು ಎಂದು ಬೇಡಿಕೊಂಡೆ. ಆಮೇಲೆ ನಾನೇ ಎತ್ತಿ ಇವರ ಕೈಗೆ ಕೊಟ್ಟೆ. ಕೈ ಹಗುರಾಯಿತು, ಎದೆ ಆಗಲಿಲ್ಲ.

ತಿರುಳಿಗೆ ಹಳದಿ ತಗಲದೆ ಉಳಿಯಿತಂತೆ. ಕರಾರೂ ಉಳಿಯಿತು. ಕೊಯ್ದ ಸಿಪ್ಪೆಗಳನ್ನು ಮೇಡಮ್ಮು ಒಂದು ಬಿಳಿ ಬಟ್ಟೆಯಲ್ಲಿ ಕಟ್ಟಿ ಕಳಿಸಿದ್ದಾಳೆ. ಬಿಸಾಡಲಿಲ್ಲ, ಅಷ್ಟು ಪುಣ್ಯ. ಒಡೆದದ್ದನ್ನು ಪೂಜಿಸುವಂತಿಲ್ಲ, ಹರಿಯುವ ನೀರಿಗೆ ಬಿಡಬೇಕು. ಇಲ್ಲಿ ಹೊಳೆಯೇ ಇಲ್ಲ. ಸಮುದ್ರಕ್ಕೆ ಬಿಡೋಣವೆಂದರೆ ನನಗೆ ಮನಸ್ಸಿಲ್ಲ. ನಮ್ಮೂರ ಹೊಳೆ ದೂಧಗಂಗೆಗೆ ಒಯ್ದು ಬಿಟ್ಟರೆ, ಅಲ್ಲಿ ಅದಕ್ಕೆ ಯಾರ ಗುರುತು?

ಗಂಟನ್ನು ಕಿಟಕಿಯಲ್ಲಿಟ್ಟು ಬಂದೆ. ಇಲ್ಲಿಯವರು 'ಗೋಫಿಯೊ' ಅನ್ನುವ ಹುರಿದ ಧಾನ್ಯದ ಹಿಟ್ಟಿಗೆ ಬಿಸಿನೀರು ಹೊಯ್ದು ರೊಟ್ಟಿಗೆಂದು ನಾದತೊಡಗಿದೆ. ಜೋಳದ ಹಿಟ್ಟಿನಷ್ಟು ಅದು ಹಿಡಿಯುವುದಿಲ್ಲ, ಅಂಚು ಬಿರಿಯುತ್ತದೆ. ಮೆಲ್ಲಗೆ ತಟ್ಟಬೇಕು.