ವ್ಯಾಕ್ಸ್ ಉಳಿಸುವ ಸೋಪು, ಕಾರಿಗೆಂದು ಇಟ್ಟ ಬಕೆಟ್

ಗೆಳೆಯರೇ, ಕಾರಿಗೆ ಕೈಯಾರೆ ಹಚ್ಚಿದ ವ್ಯಾಕ್ಸ್ ಉಳಿಸಲೇಬೇಕೆಂದು ಹಟ ಹಿಡಿದು ಇವತ್ತು ಕಾರು ತೊಳೆಯುವ ಸೋಪು ತರಲು ಔರಾದದ ಅಂಗಡಿಗೆ ಹೋದೆ. ಅಂಗಡಿಯ ರಶೀದಭಾಯಿ ದುಬಾರಿ ಬಾಟಲಿಯೊಂದನ್ನು ಮುಂದಿಟ್ಟು, "ಇದಕ್ಕ ನೊರಿ ಭಾಳ ಬರ್ತದರಿ" ಅಂದರು.

"ನೊರಿ ತೊಳಿಲಿಕ್ಕ ನೀರೆಲ್ಲಿ ಅದರಿ? ಅಗ್ಗಂದು ಕೊಡ್ರಿ, ಆದ್ರ ವ್ಯಾಕ್ಸ್ ಹೋಗಬಾರದು" ಅಂದೆ.

ಸೋಪಿನಲ್ಲಿ ಬಟ್ಟೆ ಒಗೆಯುವ ಸೋಡಾ ಇದ್ದರೆ ವ್ಯಾಕ್ಸ್ ಕಿತ್ತು ಹೋಗುತ್ತದೆಂದು ಆರು ಬಾಟಲಿಗಳ ಸಣ್ಣಕ್ಷರಗಳನ್ನೆಲ್ಲ ಅವರಿಂದ ಓದಿಸಿದೆ. ಕೊನೆಗೆ ಸಾಕಾಗಿ, ಒಂದು ಬಕೆಟ್ ನೀರಿಗೆ ಒಂದೇ ಮುಚ್ಚಳ ಸೋಪು ಹಾಕುವ, ಸೋಡಾ ಇಲ್ಲದ ಸಣ್ಣ ಬಾಟಲಿ ತೆಗೆದುಕೊಟ್ಟರು.

ನಮ್ಮ ಓಣಿಗೆ ಟ್ಯಾಂಕರ್ ಬರುವುದು ವಾರಕ್ಕೊಮ್ಮೆ. ಕಾರಿಗೆಂದೇ ತೆಗೆದಿಟ್ಟ ಬಕೆಟ್ಟಿನ ನೀರಿಗೆ ಅಳೆದು ಒಂದು ಮುಚ್ಚಳ ಸುರಿದು, ಕಾರು ತೊಳೆದೆ. ವ್ಯಾಕ್ಸ್ ಇದ್ದರೆ ನೀರು ಹನಿಹನಿಯಾಗಿ ಉರುಳಬೇಕು. ಬಾನೆಟ್ ಮೇಲೆ ಅದು ಚಪ್ಪಟೆಯಾಗಿ ಹರಡಿಕೊಂಡಿತು. ರಶೀದಭಾಯಿಗೆ ಫೋನ್ ಮಾಡಿ ಬೈಯತೊಡಗಿದೆ.

ಹೆಂಡತಿ ಬಾಗಿಲಲ್ಲೇ ನಿಂತು ಹೇಳಿದಳು: "ಅವರಿಗ್ಯಾಕ ಬೈತೀರಿ? ಆ ಬಕೆಟ್‌ನಾಗ ಇದ್ದದ್ದು ಬಟ್ಟಿ ಜಾಲಿಸಿದ ಸೋಡಾದ ನೀರು. ಕಾರಿಗಿ ಅದೇ ಸಾಕು ಅಂತ ಬ್ಯಾಸಗಿ ಶುರುವಾದಾಗ ನೀವೇ ಹೇಳಿದ್ರಿ."

ಹಟ ಬಿಟ್ಟಿಲ್ಲ. ಮತ್ತೆ ವ್ಯಾಕ್ಸ್ ಹಚ್ಚುತ್ತೇನೆ, ಸೋಪೂ ಅದೇ. ಆದರೆ ಒಂದು ಮಾತು ಸ್ನೇಹಿತರೇ, ಮನೆಯ ಬಕೆಟ್ಟಿನ ಮೇಲೆ ಯಾರೂ ಸಣ್ಣಕ್ಷರ ಬರೆದಿರುವುದಿಲ್ಲ.